ಕೊರಳಿನ ಅಕ್ಷರ

ಜೈವಂತ ಪಾದ್ರಿಗಳ ಗಂಟಲಿಗೆ ತೂತು ಬಿದ್ದು
ಇವತ್ತಿಗೆ ಹನ್ನೊಂದು ದಿನ.
ಉಸಿರು ಮೂಗಿನ ಹಾದಿ ಬಿಟ್ಟು
ಕುತ್ತಿಗೆ ಗುಣಿಯ ಬೆಳ್ಳಿ ನಳಿಗೆಯಲ್ಲಿ ಹೋಗಿಬರುತ್ತದೆ,
ಹಳೆ ಮನೆಗೆ ಹಿತ್ತಲ ಗೋಡೆ ಒಡೆದು ಇಟ್ಟ ಬಾಗಿಲಿನಂತೆ.
ರಾತ್ರಿ ಪಾಳಿ ನನ್ನದು.
ನಳಿಗೆ ತೊಳೆಯುವುದು, ಕಫ ಎಳೆಯುವುದು,
ಸುತ್ತಲಿನ ಹಸಿ ಮಾಂಸ ಒರೆಸಿ ಹೊಸ ಪಟ್ಟಿ ಕಟ್ಟುವುದು.

ಮಂಗಲಪೇಟದ ಚರ್ಚಿನಲ್ಲಿ ಮೂವತ್ತು ವರ್ಷ
ಗಂಟೆಯೇ ಬೇಡ ಅನ್ನುವಂಥ ದನಿ ಅವರದು.
ಈಗ ಮೊಮ್ಮಗಳ ಪಾಟಿ, ಒಂದು ಮುರುಕು ಬಳಪ.
"ನೀರು" ಅಂತ ಬರೆಯುತ್ತಾರೆ.
ಕೊಡುವ ಹಾಗಿಲ್ಲ, ಅರಳೆ ಅದ್ದಿ ತುಟಿ ಒರೆಸುತ್ತೇನೆ.
"ಟೈಮ್ ಎಷ್ಟು?" ಅಂತ ಬರೆಯುತ್ತಾರೆ. ಎರಡೂವರೆ.
ನಿದ್ದೆ ಪೂರಾ ಹೋದಾಗ ಬರೆಯುವುದು ಬೇರೆ,
ಬಲದಿಂದ ಎಡಕ್ಕೆ, ಜಾಲಿಮುಳ್ಳು ಚೆಲ್ಲಿದ ಹಾಗೆ ಮೂರು ಅಕ್ಷರ.
ಕೆಳಗೆ ಕನ್ನಡದಲ್ಲಿ: ನೆಫೆಶ್.

ಅಂದ್ರ ಆತ್ಮ ಏನ್ರಿ? ಅಂದೆ.
ಒರೆಸಿದರು. ಬರೆದರು:
"ನಾನೂ ಹಂಗೇ ಕಲಿಸಿದೆ. ಮೊದಲು ಅದು ಗಂಟಲು."
ಅಂಗೈಯಗಲದ ಪಾಟಿ. ಸಾಲು ಬರೆದು, ಒರೆಸಿ, ಮತ್ತೆ ಬರೆದು
ಹೇಳಿದ್ದು ಇಷ್ಟು:
ನುಂಗುವ, ಬಾಯಾರುವ, ಹಸಿದು ತೆರೆದಿರುವ ಜಾಗ.
ಪ್ರವಾಹದಲ್ಲಿ ನಿಂತ ಹಾಡುಗಾರ ಕೂಗಿದ್ದು
ಆತ್ಮದ ತನಕ ನೀರು ಬಂತು ಅಂತಲ್ಲ ಸಲೋಮಿ,
ಕುತ್ತಿಗೆ ಮಟ ಬಂತು ಅಂತ.

ನನಗೇನೂ ಸೋಜಿಗ ಆಗಲಿಲ್ಲ.
ಜೀವ ಬಾಯಿಗೆ ಬಂತು ಅಂತ ನಮ್ಮವ್ವ ದಿನಾ ಅನ್ನುತ್ತಿದ್ದಳು.
ಎಲ್ಲಿಂದ, ಎಷ್ಟು ಮೆಟ್ಟಿಲು ಹತ್ತಿ ಬರುತ್ತದೆ
ಅಂತ ನಾವು ಕೇಳಿರಲಿಲ್ಲ, ಅಷ್ಟೆ.

ಪಕ್ಕದ ಮಂಚ ಫಸಿಯುದ್ದೀನನದು.
ಚೌಬಾರಾ ಹತ್ತಿರ ಕಸಾಯಿ ಅಂಗಡಿ, ಕಾಲಿಗೆ ಸಕ್ಕರೆ ಹುಣ್ಣು.
ಮಲಗಿದಲ್ಲೇ ಪಾಟಿ ಕಡೆ ಕತ್ತು ಚಾಚಿ
"ನಫ್ಸ್! ನಮ್ಮ ಮಾತು ಅಲ್ರೀ ಇದು" ಅಂದ.
"ಆದ್ರ ನಾವು ಅದಕ್ಕ ಲಗಾಮು ಹಾಕು ಅಂತೀವಿ.
ನೀವು ಅದನ್ನೇ ಉಳಿಸು ಅಂತ ಬೇಡ್ಕೋತೀರಿ."
ಪಾದ್ರಿಗಳು ನಕ್ಕರು. ನಗು ನಳಿಗೆಯಿಂದ ಬಂತು, ಕುಕ್ಕರಿನ ಕೊನೆ ಸೀಟಿಯಂತೆ.
ಆಮೇಲೆ ಇಬ್ಬರೂ ಮಲಗಲಿಲ್ಲ. ಆಡಿದವನೊಬ್ಬ, ಬರೆದವರೊಬ್ಬರು.

ಬಸಾರ್, ಮಾಂಸ, ಎಂದು ಪಾಟಿ.
"ಬಶರ್. ಮನುಷ್ಯಾ" ಎಂದು ಮಂಚ.
ಅದೇ ಮೂರಕ್ಷರ ತುಸು ಹೊರಳಿದರೆ ಸಿಹಿ ಸುದ್ದಿ, ಎಂದು ಪಾಟಿ.
"ಬಶಾರತ್" ಅಂದವನು ಸುಮ್ಮನಾದ.
ನಲವತ್ತು ವರ್ಷ ತಕ್ಕಡಿ ಹಿಡಿದ ಕೈ ನೋಡಿಕೊಂಡ.
"ಇದರಾಗ ಸುದ್ದಿ ಇತ್ತಾ?
ಪೇಪರಿನಾಗ ಸುತ್ತಿ ಕೊಟ್ಟುಬಿಟ್ಟೆನಲ್ರೀ."

ಬದುಕಿಗೆ ಆ ಭಾಷೆಯಲ್ಲಿ ಏಕವಚನ ಇಲ್ಲವಂತೆ.
ಖಯ್ಯೀಮ್. ಒಬ್ಬನೇ ಇದ್ದರೂ ಬದುಕುಗಳು.
ಎಣಿಸಿದೆ: ಹಗಲಿಂದು ಒಂದು, ಪಾಳಿಯದು ಒಂದು,
ಹುಮನಾಬಾದಿನಲ್ಲಿ ಬಿಟ್ಟುಬಂದದ್ದು ಒಂದು.
ಅದನ್ನ ಯಾರೂ ಕೇಳೋದಿಲ್ಲ.

ಗಾಳಿಗೂ ಚೇತನಕ್ಕೂ ಒಂದೇ ಹೆಸರು, ರೂವಾಖ್.
ಬರೆದು ಬಳಪ ಇಟ್ಟುಬಿಟ್ಟರು.
ಕೊನೆಯ ಅಕ್ಷರ ಗಂಟಲ ಬುಡ ಉಜ್ಜಿಕೊಂಡು ಬರಬೇಕು.
ಆ ಬುಡವನ್ನೇ ಕತ್ತರಿಸಿ, ಶೀಷೆಯಲ್ಲಿ ಮುಳುಗಿಸಿ, ಚೀಟಿ ಅಂಟಿಸಿ
ಹೈದರಾಬಾದಿಗೆ ಕಳಿಸಿದ್ದೆವು, ತಪಾಸಣೆಗೆ.

ನಸುಕು. ಕೋಟೆ ಕಡೆಯ ಗಾಳಿ, ಚಿಲಕ ಇಲ್ಲದ ಕಿಟಕಿ.
ಪಾದ್ರಿಗಳಿಗೆ ಕಣ್ಣು ಹತ್ತಿದೆ.
ನಳಿಗೆಯಲ್ಲಿ ಕಫ ಕಟ್ಟಿ ಉಸಿರು ಒಳಗೆ, ಹೊರಗೆ,
ರೂ... ಖ್. ರೂ... ಖ್.
ಮಷಿನ್ ಹಚ್ಚಬೇಕು, ಎಳೆಯಬೇಕು, ತಡ ಮಾಡಬಾರದು.
ಕೈ ಎತ್ತಿದವಳು
ಇನ್ನೊಂದು ಉಸಿರಿನಷ್ಟು ನಿಂತೆ.

"ಸಿಸ್ಟರ್" ಅಂದ ಫಸಿಭಾಯಿ ಕತ್ತಲಲ್ಲಿ,
"ಪಾದ್ರಿ ಓದಲತ್ಯಾರ."
ಹೂಂ ಅಂದೆ.
ಆಮೇಲೆ ಕೊಳವೆ ಇಳಿಸಿದೆ.